ಪರೀಕ್ಷೆಯ ಮೈ

ನನ್ನ ಗಂಡ ಸತ್ತದ್ದು ಭುಜಕ್ಕೆ ಚುಚ್ಚಿದ ಒಂದು ಸೂಜಿಯಿಂದ. ಸೂಜಿ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಕೂದಲಿಗಿಂತ ಸ್ವಲ್ಪ ದಪ್ಪ. ಚುಚ್ಚಿದವನಿಗೆ ಅಂಕ ಸಿಕ್ಕಿತು.

ನನ್ನ ಗಂಡ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಲಾರಿ ಬಾರದ ದಿನಗಳಲ್ಲಿ ಅಕ್ಯುಪಂಕ್ಚರ್ ಮಂಡಳಿಯ ಪರೀಕ್ಷೆಗೆ ಮೈ ಆಗಿ ಹೋಗುತ್ತಿದ್ದ. ಮೈ ಎಂದರೆ ಪರೀಕ್ಷಾರ್ಥಿಗಳು ಸೂಜಿ ಚುಚ್ಚಿ ತೋರಿಸಲು ಮೇಜಿನ ಮೇಲೆ ಮಲಗುವ ಮನುಷ್ಯ. ಮಂಡಳಿಯ ನಿಯಮಗಳಲ್ಲಿ ಅದಕ್ಕೆ ಏನೋ ದೊಡ್ಡ ಹೆಸರಿದೆ. ಕಾರಿಡಾರಿನಲ್ಲಿ ಎಲ್ಲರೂ ಮೈ ಎಂದೇ ಕರೆಯುವುದು. ಮೈ ಬಂತಾ, ಎರಡನೇ ಮೇಜಿನ ಮೈ ಎಲ್ಲಿ ಹೋಯಿತು, ಈ ಮೈ ವಾಸನೆ ಬರುತ್ತಿದೆ ಬೇರೆ ತನ್ನಿ. ಹೀಗೆ.

ಮೈಗಳೆಲ್ಲ ಮಂಡಳಿಯ ಕಟ್ಟಡದ ಹಿಂದಿನ ಬೀದಿಯವರು. ಅಂದರೆ ನಾವು. ಮುಂದಿನ ಮೆಟ್ಟಿಲು ನಮಗಲ್ಲ. ಕಸದ ಡಬ್ಬಗಳ ಪಕ್ಕದಲ್ಲಿ ಒಂದು ಕಬ್ಬಿಣದ ಬಾಗಿಲಿದೆ, ಅದು ನಮ್ಮದು.

ತೆಳ್ಳಗಿನವರೇ ಬೇಕು. ಸೂಜಿ ಚುಚ್ಚುವ ಬಿಂದು ಹುಡುಕುವುದು ಎಂದರೆ ಮೂಳೆಯಿಂದ ಬೆರಳಲ್ಲಿ ಅಳೆಯುವುದು. ಮೈಯಲ್ಲಿ ಕೊಬ್ಬಿದ್ದರೆ ಮೂಳೆ ಸಿಗುವುದಿಲ್ಲ. ಪಕ್ಕೆಲುಬು ಎಣಿಸಲು ಬರುವ ಮೈಗೆ ಬೇಡಿಕೆ. ಹಸಿವು ಅಲ್ಲಿ ಒಂದು ಅರ್ಹತೆ. ನನ್ನ ಗಂಡನಿಗೆ ಆ ಅರ್ಹತೆ ಚೆನ್ನಾಗಿಯೇ ಇತ್ತು. ತೆಳ್ಳಗಿನ ಮೈಯಲ್ಲಿ ಶ್ವಾಸಕೋಶವೂ ಚರ್ಮಕ್ಕೆ ಹತ್ತಿರ ಇರುತ್ತದೆ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಮೈ ಬೋರಲು ಮಲಗಬೇಕು. ಮೇಜಿನ ತುದಿಯ ತೂತಿಗೆ ಮುಖ ಇಡಬೇಕು. ತಲೆಯ ಮೇಲೆ ಬಿಳಿ ಬಟ್ಟೆ ಹಾಕುತ್ತಾರೆ. ಮಾತಾಡಬಾರದು, ನರಳಬಾರದು, ಕೆಮ್ಮಬಾರದು. ಕೈಗಳು ಪಕ್ಕದಲ್ಲಿ, ಅಂಗೈ ಕೆಳಗೆ. ಸೂಜಿ ಸರಿಯಾದ ಜಾಗ ಮುಟ್ಟಿದಾಗ ಒಳಗೆ ಒಂದು ಸೆಳೆತ ಬರುತ್ತದೆ. ಅದು ನೋವಲ್ಲ. ಯಾರೋ ಒಳಗಿನಿಂದ ದಾರ ಕಟ್ಟಿ ಎಳೆದ ಹಾಗೆ, ಮಾಂಸ ಭಾರವಾಗುತ್ತದೆ. ಸೆಳೆತ ಬಂದರೆ ಮೈ ತೋರುಬೆರಳು ಎತ್ತಬೇಕು. ಬೆರಳು ಎದ್ದರೆ ಪಾಸು. ಏಳದಿದ್ದರೆ ಇನ್ನೊಂದು ಸಲ ಚುಚ್ಚಬಹುದು. ಆಗಲೂ ಏಳದಿದ್ದರೆ ಫೇಲು. ಚುಚ್ಚಿದವರ ಕೈಗೂ ಅಷ್ಟಿಷ್ಟು ತಿಳಿಯುತ್ತದೆ, ಸೂಜಿಯನ್ನು ಮಾಂಸ ಹಿಡಿದುಕೊಂಡ ಹಾಗೆ. ಆದರೆ ಅದಕ್ಕೆ ಅಂಕ ಇಲ್ಲ. ಅಂಕ ಬೆರಳಿಗೆ.

ಇಷ್ಟು ನಿಯಮ. ನಿಯಮದ ಕೆಳಗೆ ಇನ್ನೊಂದಿದೆ. ಮೈಗಳನ್ನು ಕರೆತರುವ ಮುದುಕ ನಮ್ಮ ಬೀದಿಯವನೇ. ಜೀವನದಲ್ಲಿ ಒಂದು ಇಟ್ಟಿಗೆ ಇಟ್ಟವನಲ್ಲ, ಆದರೂ ಎಲ್ಲರಿಗೂ ಅವನು ಮೇಸ್ತ್ರಿ. ಪರೀಕ್ಷೆಯಲ್ಲಿ ಅವನ ಕೆಲಸ ಮೈಯ ಕಾಲು ಅಲುಗಾಡದಂತೆ ಹೊದಿಕೆಯ ಅಡಿಯಲ್ಲಿ ಹಿಡಿದುಕೊಳ್ಳುವುದು. ದೊಡ್ಡವರ ಕಡೆಯ ಪರೀಕ್ಷಾರ್ಥಿ ಬಂದಾಗ ಮೇಸ್ತ್ರಿ ಮೈಯ ಕಾಲಿನ ಹೆಬ್ಬೆರಳು ಒತ್ತುತ್ತಾನೆ. ಒತ್ತಿದರೆ ಮೈ ಬೆರಳು ಎತ್ತಬೇಕು. ಸೆಳೆತ ಬರಲಿ ಬಿಡಲಿ. ಎತ್ತದ ಮೈಯನ್ನು ಮತ್ತೆ ಕರೆಯುವುದಿಲ್ಲ.

ಆ ದಿನ ನನ್ನ ಗಂಡನ ಕಾಲಿನ ಹೆಬ್ಬೆರಳನ್ನು ಒತ್ತಿದ್ದು ಒಬ್ಬನಿಗಾಗಿ ಮಾತ್ರ. ಅವನು ಮಂಡಳಿಯ ಅಧ್ಯಕ್ಷರ ಅಳಿಯ. ಇಡೀ ಕಟ್ಟಡದಲ್ಲಿ ಅವನನ್ನು ಅಳಿಯ ಎಂದೇ ಕರೆಯುವುದು. ಮುಖ್ಯ ರಸ್ತೆಯಲ್ಲಿ ಮಾವ ಅವನಿಗೆ ಕ್ಲಿನಿಕ್ಕು ಕಟ್ಟಿಸಿಕೊಟ್ಟಿದ್ದರು. ಗಾಜಿನ ಬಾಗಿಲು, ಕಾಯಲು ಮೆತ್ತನೆಯ ಕುರ್ಚಿಗಳು. ಹೊಸ ಕಾನೂನು ಬಂದು ಸರ್ಟಿಫಿಕೇಟು ಇಲ್ಲದೆ ಸೂಜಿ ಮುಟ್ಟುವಂತಿಲ್ಲ ಎಂದಾಯಿತು. ಅದಕ್ಕೆ ಬಂದಿದ್ದ.

ನನ್ನ ಗಂಡ ಮನೆಗೆ ನಡೆದುಕೊಂಡೇ ಬಂದ. ಬೆನ್ನಿನ ಮೇಲೆ ನೇರಳೆ ಶಾಯಿಯ ಗುರುತುಗಳು ಹಾಗೇ ಇದ್ದವು. ಫಲಿತಾಂಶ ಬರುವವರೆಗೆ ತೊಳೆಯಬಾರದು. ಊಟ ಬೇಡ ಅಂದ. ಮಲಗಲು ಆಗಲಿಲ್ಲ, ಗೋಡೆಗೆ ಒರಗಿ ಕೂತ.

"ಒಳಗೆ ಏನೋ ಚಳಕ್ ಅಂತು," ಅಂದ. "ಉಸಿರು ಅರ್ಧಕ್ಕೇ ನಿಲ್ತಾ ಇದೆ."

ಕೂಗಬೇಕಿತ್ತು, ಎದ್ದುಬಿಡಬೇಕಿತ್ತು ಎಂದೆ.

"ಎತ್ತಿದೆ ಕಣೇ," ಅಂದ. "ಒತ್ತಿದ್ರಲ್ಲ, ಎತ್ತಿದೆ."

ಅವನು ಆಡಿದ ಕೊನೆಯ ಪೂರ್ತಿ ವಾಕ್ಯ ಅದು. ಬೆಳಗ್ಗೆ ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ, ಸ್ಟ್ರೆಚರಿಗೆ ಕಾಯುತ್ತ ಸತ್ತ. ಕರ್ತವ್ಯದಲ್ಲಿದ್ದ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಒಂದು ಕಡೆ ಶ್ವಾಸಕೋಶ ಇತ್ತು. ಇನ್ನೊಂದು ಕಡೆ ಅದು ಮುದುಡಿಕೊಂಡು, ಖಾಲಿ. ಅಷ್ಟು ಸಣ್ಣ ತೂತು ಎಂದು ಅವರಿಗೇ ಆಶ್ಚರ್ಯವಾದಂತಿತ್ತು.

ಮಣ್ಣು ಮಾಡುವಾಗ ಮೇಸ್ತ್ರಿ ಬಂದ. ತನ್ನ ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದು, ಇದೇ ಬೆರಳಮ್ಮ, ಇದೇ, ಎಂದು ಅತ್ತ. ನಾನು ಸಮಾಧಾನ ಮಾಡಲಿಲ್ಲ. ಅಳು ಬರುತ್ತಿರಲಿಲ್ಲ. ಅವತ್ತಿನಿಂದ ಯಾವುದೂ ಸರಿಯಾಗಿ ತಾಗುತ್ತಿರಲಿಲ್ಲ. ಬಿಸಿ ಪಾತ್ರೆ ಹಿಡಿದರೆ ಕೈ ಕೆಂಪಾದ ಮೇಲೆ ಗೊತ್ತಾಗುತ್ತಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ಓದಿದವಳು. ನಮ್ಮ ಬೀದಿಯಿಂದ ಅಷ್ಟು ಓದಿದವರು ಬೇರೆ ಯಾರೂ ಇಲ್ಲ. ನೌಕರಿಯ ಅರ್ಜಿಯಲ್ಲಿ ವಿಳಾಸ ಬರೆದ ತಕ್ಷಣ ಆ ಓದು ಮುಗಿಯುತ್ತಿತ್ತು. ಆದರೂ ಓದಿದ್ದೇನಲ್ಲ, ಬರೆದೆ. ಮಂಡಳಿಗೆ ಬರೆದೆ, ಮಂಡಳಿಯ ಮೇಲಿನವರಿಗೆ ಬರೆದೆ. ಉತ್ತರ ಬಾರದಿದ್ದಾಗ ಕಚೇರಿಯ ಕಿಟಕಿಗೆ ಹೋದೆ. ಗುಮಾಸ್ತ ಒಳಗೆ ಹೋಗಿ ಕೇಳಿಕೊಂಡು ಬಂದು ಹೇಳಿದ. ಆ ದಿನ ಸಭಾಂಗಣದ ಚಾವಣಿ ಸೋರಿದ್ದರಿಂದ ಪರೀಕ್ಷೆ ರದ್ದಾಗಿದೆ. ಪರೀಕ್ಷೆಯೇ ನಡೆಯದ ಮೇಲೆ ಯಾರೂ ಯಾರಿಗೂ ಚುಚ್ಚಿಲ್ಲ. ನಿಮ್ಮ ಯಜಮಾನರಿಗೆ ಮೊದಲೇ ಕೆಮ್ಮು ಇತ್ತಂತಲ್ಲ ಎಂದೂ ಸೇರಿಸಿದ. ಚಾವಣಿ ನೋಡಿದೆ. ಒಂದು ಕಲೆಯೂ ಇರಲಿಲ್ಲ.

ಹೀಗೆ ನನ್ನ ಗಂಡ ನಡೆಯದ ಪರೀಕ್ಷೆಯಲ್ಲಿ, ಇಲ್ಲದ ಸೂಜಿಯಿಂದ ಸತ್ತ.

ನನ್ನ ಅತ್ತೆ ಹೋಟೆಲುಗಳ ಹಾಸು ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾರೆ. ಬಿಸಿನೀರು, ಸೋಡಾ, ಉಗಿ. ಅವರ ಕೈಯ ಚರ್ಮ ಕೈಗಿಂತ ದೊಡ್ಡದಾಗಿ ನೇತಾಡುತ್ತದೆ. ಮಗ ಹೋದ ಮೂರನೇ ದಿನವೇ ಕೆಲಸಕ್ಕೆ ಹೋದರು. ನಾನು ಅರ್ಜಿ ಬರೆಯುತ್ತಿದ್ದರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಕ್ಷರ ಮುದ್ದಾಗಿದೆ," ಎಂದರು ಒಂದು ದಿನ. "ಅವರಿಗೆ ಓದೋಕೆ ಖುಷಿಯಾಗುತ್ತೆ."

"ಮತ್ತೇನು ಮಾಡಲಿ ಅತ್ತೆ?"

"ನನ್ನ ಕೇಳ್ತೀಯಾ? ನಾನು ಕೊಳೆ ತೆಗೆಯೋಳು. ಉಜ್ಜದೆ ಯಾವ ಕೊಳೆಯೂ ಹೋಗಿದ್ದು ನಾನು ಕಂಡಿಲ್ಲ."

ನನ್ನ ಅರ್ಜಿಗಳಿಂದ ಆದದ್ದು ಒಂದೇ. ರದ್ದಾದ ಪರೀಕ್ಷೆಯನ್ನು ಮತ್ತೆ ನಡೆಸುವಾಗ ಬೇರೆ ಊರಿನಿಂದ ಒಬ್ಬ ವೀಕ್ಷಕಿಯನ್ನು ಕಳಿಸುತ್ತಾರೆ ಎಂದು ಗೊತ್ತಾಯಿತು. ಅಳಿಯನೂ ಮತ್ತೆ ಕೂರಬೇಕು. ಮಾವ ಅಧ್ಯಕ್ಷರಾಗಿದ್ದರೂ ರದ್ದಾದ ಪರೀಕ್ಷೆಯ ಅಂಕ ಉಳಿಸಿಕೊಡಲು ಬರುವುದಿಲ್ಲ. ಆ ದಿನವನ್ನು ಅಳಿಸಿದ್ದು ಅವರೇ.

ಮೇಸ್ತ್ರಿ ತೆಳ್ಳಗಿನ ಮೈಗಳನ್ನು ಹುಡುಕುತ್ತಿದ್ದ. ನನ್ನ ಗಂಡ ಸತ್ತ ಮೇಲೆ ಗಂಡಸರು ಹೆದರಿದ್ದರು. ನಾನು ಅವನ ಮನೆಗೆ ಹೋಗಿ, ನನ್ನನ್ನು ಕರೆದುಕೊಂಡು ಹೋಗಿ ಎಂದೆ. ಅವನು ಬೀಡಿ ಆರಿಸಿದ.

"ಬೇಡಮ್ಮ. ಓದಿದವಳು ನೀನು. ಆ ಬಾಗಿಲಲ್ಲಿ ನುಗ್ಗೋದು ನಿನ್ನ ಕೆಲಸ ಅಲ್ಲ."

"ತೆಳ್ಳಗಿದ್ದೀನಿ, ಮೇಸ್ತ್ರಿ."

"ಈ ಸಲ ಆ ಅಳಿಯ ಬರ್ತಾನೆ."

"ಗೊತ್ತು."

ಮುದುಕ ನನ್ನ ಮುಖ ನೋಡಲಿಲ್ಲ, ಕೊರಳ ಮೂಳೆ ನೋಡಿದ. ಅಳಿಯನಿಗೆ ಯಾವಾಗಲೂ ಎಲ್ಲರಿಗಿಂತ ತೆಳ್ಳಗಿನ ಮೈಯನ್ನೇ ಕೊಡಬೇಕು. ಅದು ಅಧ್ಯಕ್ಷರ ಕಡೆಯಿಂದ ಬಂದ ಮಾತು. ಬೀದಿಯಲ್ಲಿ ಆಗ ನನಗಿಂತ ತೆಳ್ಳಗಿನವರು ಯಾರೂ ಇರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

"ಏನಾದ್ರೂ ಎಡವಟ್ಟು ಮಾಡಿ ನನ್ನ ಹೊಟ್ಟೆ ಮೇಲೆ ಹೊಡೀಬೇಡ ತಾಯಿ," ಎಂದ.

ಮಲಗುವುದಷ್ಟೇ ಎಂದೆ. ಹಾಗೆ ಹೇಳುವಾಗ ನನಗೂ ಅದಕ್ಕಿಂತ ಹೆಚ್ಚಿನದು ಗೊತ್ತಿರಲಿಲ್ಲ. ಒಂದೇ ಒಂದು ಗೊತ್ತಿತ್ತು. ಆ ಸರ್ಟಿಫಿಕೇಟು ಅವನ ಗೋಡೆಗೆ ಏರಬಾರದು. ಅವನ ಸೂಜಿ ತಪ್ಪುತ್ತದೆ, ಆಗ ನಾನು ಬೆರಳು ಎತ್ತುವುದಿಲ್ಲ. ಕಾಲಿನ ಬೆರಳು ಮುರಿದರೂ ಎತ್ತುವುದಿಲ್ಲ. ಅವನ ಸೂಜಿ ತಪ್ಪಿದರೆ ನಾನೂ ಗೋಡೆಗೆ ಒರಗಿ ಕೂರಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದಿದ್ದೆ. ಹೆದರಿಕೆ ಆಗಲಿಲ್ಲ. ಅದೂ ತಾಗುತ್ತಿರಲಿಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಅತ್ತೆಗೆ ಹೇಳಿದೆ. ಅವರು ಚೀಲಕ್ಕೆ ಊಟದ ಡಬ್ಬಿ ಹಾಕಿಕೊಳ್ಳುತ್ತಿದ್ದರು.

"ಅದೇ ಮೇಜಾ?"

"ಇರಬಹುದು."

ಡಬ್ಬಿಯನ್ನು ಹೊರಗೆ ತೆಗೆದರು, ಮತ್ತೆ ಹಾಕಿದರು. "ಉಸಿರು ಜೋರಾಗಿ ಎಳೀಬೇಡ," ಎಂದು ಹೇಳಿ ಕೆಲಸಕ್ಕೆ ಹೋದರು.

ಕಬ್ಬಿಣದ ಬಾಗಿಲ ಒಳಗೆ ಒಂದು ಬೆಂಚು. ಮೊದಲು ಸ್ನಾನ. ತಣ್ಣೀರು, ಕಾರ್ಬಾಲಿಕ್ ಸಾಬೂನು, ಎಲ್ಲರಿಗೂ ಅದೇ ತುಂಡು. ಆಮೇಲೆ ಒಬ್ಬ ನರ್ಸು ಪೆನ್ಸಿಲ್ಲಿನ ತುದಿಯಿಂದ ಕೂದಲು ಎತ್ತಿ ಹೇನು ನೋಡಿದಳು. ಬಾಯಿ ತೆರೆಸಿದಳು. ಕಂಕುಳು ಎತ್ತಿಸಿದಳು. ನನ್ನ ಬೆನ್ನ ಮೇಲೆ ಬೆರಳೋಡಿಸಿ, ಚೆನ್ನಾಗಿದೆ, ಎಂದಳು. ಸಂತೆಯಲ್ಲಿ ಹಸು ನೋಡಿದವರು ಹೇಳುವ ಹಾಗೆ. ಹಿಂದೆ ಗುಂಡಿ ಇರುವ ಅಂಗಿ ಕೊಟ್ಟಳು. ಅದನ್ನು ನನಗಿಂತ ಮೊದಲು ಯಾರೋ ಬೆವರಿ ಬಿಚ್ಚಿದ್ದರು.

ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಪೊರಕೆ ಅಜ್ಜಿ ಕೂತಿದ್ದಳು. ಪೊರಕೆ ಕಟ್ಟಿ ಮಾರುವವಳು, ಎಷ್ಟೋ ವರ್ಷದಿಂದ ಮೈ ಆಗಿ ಬರುತ್ತಿರುವವಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮಂಡಿ ತಿಕ್ಕಿಕೊಂಡಳು.

"ನನ್ನ ಬೆನ್ನ ಮೇಲೆ ಪಾಸಾದ ಡಾಕ್ಟರುಗಳು ಊರ ತುಂಬ ಇದ್ದಾರೆ ಕಣಮ್ಮ. ಈ ಮಂಡಿನೋವು ಒಂದು ಇನ್ನೂ ಪಾಸಾಗಿಲ್ಲ."

ಬೆಂಚು ನಕ್ಕಿತು. ಹಮಾಲಿ ಬಿಟ್ಟ ಒಬ್ಬ ಗಂಡಸು ಕ್ಲಿನಿಕ್ಕಿಗೆ ಹೋಗಿ ತೋರಿಸು ಎಂದ. ಹೋಗಿದ್ದೆ, ಬಾಗಿಲಲ್ಲೇ ಚಪ್ಪಲಿ ಬಿಡು ಅಂದ್ರು, ಬಿಟ್ಟೆ, ಆಮೇಲೆ ನನ್ನನ್ನೂ ಅಲ್ಲೇ ಬಿಟ್ರು, ಎಂದಳು ಅಜ್ಜಿ. ನಕ್ಕು ಮುಗಿದ ಮೇಲೆ ನನ್ನ ಮೊಣಕೈ ಹಿಡಿದು ಕಿವಿಗೆ ಬಾಗಿದಳು. ನಿನ್ನ ಸಂಕಟ ನನಗೆ ಗೊತ್ತು, ಆದರೆ ಈ ಬಾಗಿಲು ಮುಚ್ಚಿದರೆ ಬೆಂಚಿನಲ್ಲಿ ಕೂತವರೆಲ್ಲ ಬೀದಿಗೆ ಬೀಳುತ್ತೇವೆ, ಯೋಚನೆ ಮಾಡು, ಎಂದಳು. ನಾವು ಈಗ ಕೂತಿರುವುದೂ ಬೀದಿಯಲ್ಲೇ ಎನ್ನಬೇಕೆನಿಸಿತು. ಹೇಳಲಿಲ್ಲ. ಅವಳ ಮಂಡಿ ನಿಜವಾಗಿಯೂ ಊದಿತ್ತು.

ಮೇಜಿನ ಮೇಲೆ ಬೋರಲು ಮಲಗಿದೆ. ತೂತಿನಿಂದ ನೆಲದ ಟೈಲ್ಸು ಮಾತ್ರ ಕಾಣುತ್ತದೆ, ಬಂದುಹೋಗುವವರ ಬೂಟುಗಳು ಕಾಣುತ್ತವೆ. ತಲೆಗೆ ಬಟ್ಟೆ ಬಿತ್ತು. ಬೆನ್ನಿಗೆ ತಂಪು ಸ್ಪಿರಿಟ್ಟು. ಮೇಸ್ತ್ರಿ ಹೊದಿಕೆಯ ಅಡಿಯಲ್ಲಿ ನನ್ನ ಕಾಲು ಹಿಡಿದುಕೊಂಡ. ಅವನ ಅಂಗೈ ಒದ್ದೆಯಾಗಿತ್ತು.

ನನ್ನ ಮೇಜಿಗೆ ಮೊದಲು ಬಂದದ್ದು ಒಬ್ಬ ಹುಡುಗಿ. ಕಪ್ಪು ಬೂಟು, ಒಂದರ ಲೇಸು ಬಿಚ್ಚಿತ್ತು. ಬಗ್ಗಿ ಮೆಲ್ಲಗೆ, ಅಕ್ಕ, ನೋವಾದರೆ ಹೇಳಿ, ಎಂದಳು. ಮೈಯ ಜೊತೆ ಮಾತಿಲ್ಲ ಎಂದು ಪರೀಕ್ಷಕ ಗದರಿದ. ಅವಳ ಬೆರಳು ಬೆಚ್ಚಗಿತ್ತು. ಭುಜದ ಮೇಲೆ ಅಳೆದು, ಶಾಯಿಯ ಚುಕ್ಕೆ ಇಟ್ಟು, ಸೂಜಿ ಇಳಿಸಿದಳು.

ಸೆಳೆತ ಬಂತು. ಭುಜದಿಂದ ಕತ್ತಿಗೆ, ಅಲ್ಲಿಂದ ಮೊಣಕೈಗೆ. ನಾನು ಬೆಚ್ಚಿಬಿದ್ದೆ. ಎಷ್ಟೋ ತಿಂಗಳ ಮೇಲೆ ನನ್ನ ಮೈಯಲ್ಲಿ ಏನೋ ಒಂದು ತಾಗಿತ್ತು. ಸತ್ತಿದೆ ಎಂದುಕೊಂಡಿದ್ದ ಮಾಂಸ ಒಳಗೆ ಹೊರಳಿತು. ಬೆರಳು ಎತ್ತಿದೆ. ಹುಡುಗಿ ಉಸಿರು ಬಿಟ್ಟದ್ದು ಕೇಳಿಸಿತು. ಮೇಜಿನ ಎಡಕ್ಕೆ ಇನ್ನೊಂದು ಜೋಡಿ ಕಾಲು, ಬೂದು ಚಪ್ಪಲಿ, ಹೆಂಗಸಿನದು. ಅದು ವೀಕ್ಷಕಿ. ಬೆರಳು ಸ್ಪಷ್ಟವಾಗಿ ಎದ್ದಿದೆ, ಎಂದು ಆಕೆ ಹೇಳಿದರು.

ಇನ್ನೂ ಕೆಲವರು ಬಂದರು. ಕೆಲವರಿಗೆ ಎದ್ದಿತು, ಕೆಲವರಿಗೆ ಏಳಲಿಲ್ಲ. ಎಲ್ಲ ಇದ್ದದ್ದು ಇದ್ದ ಹಾಗೆ.

ಆಮೇಲೆ ಕಂದು ಬಣ್ಣದ, ಮಿರಿಮಿರಿ ಮಿಂಚುವ ಬೂಟುಗಳು ಬಂದು ನಿಂತವು. ಯಾರೂ ಹೆಸರು ಕೂಗಲಿಲ್ಲ. ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು, ಅಧ್ಯಕ್ಷರು ಎದ್ದು ಹತ್ತಿರ ಬಂದಿರಬೇಕು. ಮೇಸ್ತ್ರಿಯ ಹೆಬ್ಬೆರಳು ನನ್ನ ಕಾಲಿನ ಹೆಬ್ಬೆರಳ ಮೇಲೆ ಬಂತು. ಒತ್ತಿತು.

ಅಳಿಯನ ಕೈ ನಿಧಾನವಾಗಿತ್ತು. ಕತ್ತಿನ ಬುಡದ ಮೂಳೆ ಹುಡುಕಿದ. ಭುಜದ ತುದಿಯ ಮೂಳೆ ಹುಡುಕಿದ. ಎರಡರ ನಡುವೆ ಅಳೆದ, ಮತ್ತೊಮ್ಮೆ ಅಳೆದ. ಮಾಂಸವನ್ನು ಬೆರಳುಗಳ ನಡುವೆ ಮೆಲ್ಲಗೆ ಎತ್ತಿ ಹಿಡಿದ, ಶ್ವಾಸಕೋಶದಿಂದ ದೂರಕ್ಕೆ. ಸೂಜಿಯನ್ನು ನೆಟ್ಟಗೆ ಇಳಿಸಲಿಲ್ಲ. ಓರೆಯಾಗಿ, ಬೇಕಾದಷ್ಟೇ.

ಸೆಳೆತ ಬಂತು. ಹುಡುಗಿಯ ಸೂಜಿಯಲ್ಲಿ ಬಂದದ್ದಕ್ಕಿಂತ ಪೂರ್ತಿಯಾಗಿ, ಬೆರಳ ತುದಿಯವರೆಗೆ.

ನಾನು ಇದಕ್ಕೆ ಸಿದ್ಧಳಾಗಿರಲಿಲ್ಲ. ತಪ್ಪು ಸೂಜಿಗೆ ಕಾಯುತ್ತಿದ್ದೆ. ಸೂಜಿ ಸರಿಯಾಗಿತ್ತು. ಅವನು ಕಲಿತಿದ್ದ. ಎಷ್ಟು ಇಳಿಸಬಾರದು ಎಂದು ಕಲಿತಿದ್ದ, ನೆಟ್ಟಗೆ ಚುಚ್ಚಬಾರದು ಎಂದು ಕಲಿತಿದ್ದ. ಎಲ್ಲಿ ಕಲಿತ? ನನ್ನ ಗಂಡನ ಮೇಲೆ ಕಲಿತ. ನನ್ನ ಭುಜದಲ್ಲಿದ್ದ ಆ ಸರಿಯಾದ ಸೂಜಿ ನನ್ನ ಗಂಡನ ಉಸಿರಿನಿಂದ ಆದದ್ದು. ಈಗ ಅದಕ್ಕೆ ಸರ್ಟಿಫಿಕೇಟು ಬೇಕು. ಅದಕ್ಕೆ ನನ್ನ ಬೆರಳು ಬೇಕು.

ಎತ್ತಲಿಲ್ಲ.

ಮೇಸ್ತ್ರಿ ಮತ್ತೆ ಒತ್ತಿದ. ಉಗುರು ನಾಟಿತು. ಎತ್ತಲಿಲ್ಲ. ಸಮಯ ಆಯಿತು ಎಂದು ಪರೀಕ್ಷಕ ಹೇಳಿದ, ಎರಡನೇ ಪ್ರಯತ್ನ ಎಂದ. ಅಳಿಯ ಸೂಜಿ ತೆಗೆದ. ಅವನ ಬೂಟುಗಳು ಒಂದರ ಪಕ್ಕ ಒಂದು ಅಲುಗಾಡದೆ ನಿಂತಿದ್ದವು. ಮತ್ತೆ ಅಳೆದ, ಮತ್ತೆ ಚುಚ್ಚಿದ. ಮತ್ತೆ ಸರಿಯಾಗಿತ್ತು. ಮೇಸ್ತ್ರಿಯ ಬೆರಳು ಈಗ ಒತ್ತುತ್ತಿರಲಿಲ್ಲ, ಬೇಡುತ್ತಿತ್ತು. ಅಂಗೈಯನ್ನು ಮೇಜಿಗೆ ಅದುಮಿದೆ.

"ಈ ಮೈಗೆ ಸ್ಪರ್ಶವೇ ಇಲ್ಲ," ಎಂದರು ಅಧ್ಯಕ್ಷರು. "ಬದಲಾಯಿಸಿ."

ಬೆಳಗ್ಗೆಯಿಂದ ಇದೇ ಮೈ ಬೇರೆಯವರಿಗೆ ಬೆರಳು ಎತ್ತಿದೆ, ಚುಚ್ಚಿದ ಮೇಲೆ ಮೈ ಬದಲಾಯಿಸುವ ನಿಯಮ ಇಲ್ಲ, ಎಂದರು ವೀಕ್ಷಕಿ. ಸ್ವಲ್ಪ ಹೊತ್ತು ಇಬ್ಬರೂ ನಿಯಮ ಮಾತಾಡಿದರು. ನಾನು ನೆಲದ ಟೈಲ್ಸಿನ ಬಿರುಕು ನೋಡುತ್ತಿದ್ದೆ. ಕೊನೆಗೆ ಅಧ್ಯಕ್ಷರು, ಮೈ ಸರಿ ಇಲ್ಲ ಎಂದು ನಾನೇ ತೋರಿಸುತ್ತೇನೆ, ಎಂದರು. ಅಂಗಿಯ ತೋಳು ಮಡಿಸಿಕೊಂಡ ಸದ್ದು. ಅವರ ಕಪ್ಪು ಬೂಟು ಹತ್ತಿರ ಬಂತು. ಬಟ್ಟೆಯ ಅಂಚಿಗೆ ಬಾಗಿ ಅವರು ಮೆಲ್ಲಗೆ ಕೇಳಿದರು.

"ಯಾರ ಕಡೆಯವಳು ನೀನು?"

ಮೈ ಮಾತಾಡಬಾರದು. ಮಾತಾಡಲಿಲ್ಲ.

ಅವರು ಚುಚ್ಚಿದರು. ಅವರ ಕೈಯನ್ನು ಹೊಗಳದೆ ಇರಲು ಸಾಧ್ಯವಿಲ್ಲ. ಚರ್ಮ ದಾಟಿದ್ದು ತಿಳಿಯಲೇ ಇಲ್ಲ. ಆಮೇಲೆ ಸೂಜಿಯನ್ನು ಎರಡು ಬೆರಳಲ್ಲಿ ತಿರುವಿದರು. ತೋಳು ಇಡಿಯಾಗಿ ಸೆಟೆಯಿತು. ಸೆಳೆತ ಮಣಿಕಟ್ಟಿಗೆ ಇಳಿದು ತೋರುಬೆರಳಿಗೇ ಬಂದು ನಿಂತಿತು. ಬೆರಳು ತಾನಾಗಿ ಏಳಲು ನೋಡಿತು. ಮೂಟೆ ಹೊರುವವನ ಹೆಂಡತಿ ನಾನು. ನೀರಿನ ಕೊಡ ಹೊತ್ತಿದ್ದೇನೆ, ಗಂಡನನ್ನು ಬೆನ್ನಿಗೆ ಹಾಕಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೇನೆ. ಒಂದು ಬೆರಳನ್ನು ಕೆಳಗೆ ಹಿಡಿದಿಡಲು ಅದಕ್ಕಿಂತ ಹೆಚ್ಚು ಬಲ ಬೇಕಾಯಿತು. ಹಲ್ಲು ಕಚ್ಚಿದೆ. ತೂತಿನಿಂದ ಎಂಜಲು ನೆಲಕ್ಕೆ ಹನಿಯಿತು. ಬೆರಳು ಮೇಜಿಗೆ ಅಂಟಿಕೊಂಡೇ ಇತ್ತು.

ವೀಕ್ಷಕಿ ನನ್ನ ಪಕ್ಕಕ್ಕೆ ಬಂದು ಕೇಳಿದರು. "ಏನಾದರೂ ತಿಳಿಯಿತೇನಮ್ಮ? ಬಾಯಲ್ಲಿ ಹೇಳಿ."

ಕೇಳಿದರಲ್ಲ. ತಲೆಯ ಬಟ್ಟೆ ತೆಗೆದು ಎದ್ದು ಕೂತೆ. ಏಳಬೇಡಿ, ಸೂಜಿ ಇದೆ, ಎಂದು ಅವರು ಕೈ ಚಾಚಿದರು. ಸೂಜಿ ಭುಜದಲ್ಲೇ ನಿಂತಿತ್ತು. ಮೊದಲ ಸಲ ಅಳಿಯನ ಮುಖ ನೋಡಿದೆ. ನನ್ನ ವಯಸ್ಸಿನವನೇ. ಕಣ್ಣ ಕೆಳಗೆ ಕಪ್ಪಾಗಿತ್ತು.

"ಹೋದ ಪರೀಕ್ಷೆಯಲ್ಲಿ ಇದೇ ಜಾಗಕ್ಕೆ ಇವರು ಚುಚ್ಚಿದಾಗ ನನ್ನ ಗಂಡನಿಗೆ ತಿಳೀತು," ಎಂದೆ. "ಮಾರನೇ ದಿನ ಸತ್ತ. ಅವನೂ ಮೈ ಆಗಿದ್ದ."

ಅಧ್ಯಕ್ಷರು ಕೈ ಒರೆಸಿಕೊಂಡರು. ಅವರ ದನಿ ಶಾಂತವಾಗಿತ್ತು.

"ಹೋದ ಸಲ ಪರೀಕ್ಷೆಯೇ ನಡೆದಿಲ್ಲ. ಯಾರೂ ಯಾರಿಗೂ ಚುಚ್ಚಿಲ್ಲ."

"ಹಾಗಾದ್ರೆ ನನಗೂ ಯಾರೂ ಚುಚ್ಚಿಲ್ಲ," ಎಂದೆ. "ಏನು ತಿಳೀಬೇಕು ನನಗೆ?"

ವೀಕ್ಷಕಿ ನನ್ನ ಭುಜದ ಸೂಜಿ ನೋಡಿದರು, ಅಧ್ಯಕ್ಷರನ್ನು ನೋಡಿದರು. ಮೇಸ್ತ್ರಿಯ ಕಡೆ ತಿರುಗಿ, ಆ ದಿನ ನೀವು ಇಲ್ಲಿದ್ದಿರಾ ಎಂದು ಕೇಳಿದರು. ಮುದುಕ ನನ್ನ ಕಾಲು ಬಿಟ್ಟ. ನಾನು ಕಾಲು ಹಿಡಿಯೋನು ತಾಯಿ, ನನಗೇನೂ ಗೊತ್ತಿಲ್ಲ, ಎಂದ. ಹುಡುಗಿ ಮೂಲೆಯಲ್ಲಿ ನಿಂತು ಬೂಟಿನ ಲೇಸು ನೋಡುತ್ತಿದ್ದಳು. ಆದರೆ ನಿಯಮ ಇತ್ತು. ಎರಡು ಪ್ರಯತ್ನ, ಬೆರಳು ಎದ್ದಿಲ್ಲ. ವೀಕ್ಷಕಿ ಕನ್ನಡಕ ಹಾಕಿಕೊಂಡು ಅಳಿಯನ ಹೆಸರಿನ ಮುಂದೆ ಅನುತ್ತೀರ್ಣ ಎಂದು ಬರೆದರು, ಬರೆದದ್ದನ್ನು ಜೋರಾಗಿ ಓದಿದರು. ನನ್ನ ಗಂಡನ ವಿಷಯ ಬೇರೆಯಾಗಿ ವಿಚಾರಿಸುತ್ತೇನೆ ಎಂದರು. ಅವರು ಒಳ್ಳೆಯವರಿರಬೇಕು. ಇಂಥ ಮಾತನ್ನು ನಾನು ಕಿಟಕಿಗಳಲ್ಲಿ ಬೇಕಾದಷ್ಟು ಕೇಳಿದ್ದೆ.

ಸೂಜಿಯನ್ನು ನಾನೇ ಕಿತ್ತೆ. ಮೇಜಿನ ಮೇಲಿಟ್ಟೆ.

ಅಂಗಿ ಬದಲಿಸಿ ಕಬ್ಬಿಣದ ಬಾಗಿಲಿನಿಂದ ಹೊರಗೆ ಬಂದೆ. ಕಸದ ಡಬ್ಬಗಳವರೆಗೆ ಹೋಗಿರಲಿಲ್ಲ, ಹಿಂದಿನಿಂದ ಬಾಗಿಲು ತೆರೆಯಿತು. ಅಳಿಯ. ಆ ಬಾಗಿಲಿನಿಂದ ಅಂಥವರು ಬಂದದ್ದನ್ನು ನಾನು ಕಂಡಿರಲಿಲ್ಲ. ತಲೆ ಬಗ್ಗಿಸಬೇಕೆಂದು ಗೊತ್ತಿಲ್ಲದೆ ಹಣೆ ತಗಲಿಸಿಕೊಂಡ.

"ಎರಡು ಸಲವೂ ಬಂತು," ಎಂದ. "ಸೂಜಿ ಹಿಡಿದುಕೊಂಡಿತ್ತು. ನನ್ನ ಕೈಗೆ ಗೊತ್ತಾಗಿದೆ."

"ಬಂತು," ಎಂದೆ.

ಅವನು ಇದನ್ನು ನಿರೀಕ್ಷಿಸಿರಲಿಲ್ಲ.

"ಮತ್ತೆ ಯಾಕೆ ಎತ್ತಲಿಲ್ಲ? ನಾನು ಎಷ್ಟು ಕಲಿತಿದ್ದೀನಿ ನಿಮಗೆ ಗೊತ್ತಿಲ್ಲ. ಅವತ್ತಿನಿಂದ ಒಂದು ದಿನ ಬಿಟ್ಟಿಲ್ಲ. ಕೈ ನಡುಗದ ಹಾಗೆ ಮಾಡ್ಕೊಂಡಿದ್ದೀನಿ."

"ಯಾವತ್ತಿನಿಂದ?"

ಅವನು ಹಿಂದಿನ ಬಾಗಿಲ ಕಡೆ ನೋಡಿದ.

"ಆ ಮೇಡಮ್ಮು ಇನ್ನೂ ಒಳಗೇ ಇದ್ದಾರೆ. ಯಾವತ್ತಿನಿಂದ ಅಂತ ಹೋಗಿ ಅವರಿಗೆ ಹೇಳಿ. ನಿಮ್ಮ ಹಿಂದೆಯೇ ಬಂದು ನಾನೂ ಹೇಳ್ತೀನಿ, ಎರಡು ಸಲವೂ ಸೆಳೆತ ಬಂತು ಅಂತ. ಇಬ್ಬರೂ ನಿಜ ಹೇಳಿಬಿಡೋಣ."

ಅವನು ಹೇಳುತ್ತಾನೆ ಎಂದು ಒಂದು ಕ್ಷಣ ಅನಿಸಿತು. ಬಾಯಿ ತೆರೆದಿದ್ದ. ಹಣೆಯ ಮೇಲೆ ಕಬ್ಬಿಣದ ತುಕ್ಕು ಮೆತ್ತಿತ್ತು. ಒಳಗಿನಿಂದ ಮಾವ ಕರೆದರು. ಮಕ್ಕಳನ್ನು ಬಿಸಿಲಿನಿಂದ ಒಳಗೆ ಕರೆಯುವ ದನಿ. ಅವನು ತಿರುಗಿ ಹೋದ. ನಾನು ಅಲ್ಲೇ ನಿಂತೆ. ಆತುರ ಏನೂ ಇರಲಿಲ್ಲ. ಕಸದ ಗಾಡಿ ಬಂತು, ಡಬ್ಬಗಳನ್ನು ಎತ್ತಿ ಸುರಿದುಕೊಂಡು ಹೋಯಿತು. ಆಮೇಲೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದು ಕೇಳಿಸಿತು.

ನನಗೆ ಅಲ್ಲಿಯವರೆಗೆ ಒಂದು ಸಣ್ಣ ಅಳುಕಿತ್ತು. ಸರಿಯಾದ ಸೂಜಿಗೆ ಸುಳ್ಳು ಹೇಳಿದೆನಲ್ಲ ಎಂದು. ಚಿಲಕ ಬಿದ್ದ ಮೇಲೆ ಅದೂ ಹೋಯಿತು.

ಆ ವಾರವೇ ಕ್ಲಿನಿಕ್ಕಿನ ಗಾಜಿನ ಬಾಗಿಲಿಗೆ ಬೀಗ ಬಿತ್ತು. ಮೇಸ್ತ್ರಿಯ ಕೆಲಸ ಹೋಯಿತು. ನಮ್ಮ ಬೀದಿಯ ಮೈಗಳು ಇನ್ನು ಬೇಡ, ದೂರದ ಕೇರಿಗಳಿಂದ ತರಿಸುತ್ತೇವೆ ಎಂದು ಮಂಡಳಿ ಹೇಳಿತು. ನಲ್ಲಿಯ ಹತ್ತಿರ 'ಓದಿದ ಮಹಾರಾಣಿ' ಎಂದು ನನಗೆ ಕೇಳುವಂತೆ ಆಡಿಕೊಂಡರು. ಪೊರಕೆ ಅಜ್ಜಿ ನನ್ನ ಮನೆಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಾಳೆ, ಅವಳ ಸಿಟ್ಟು ಸುಳ್ಳಲ್ಲ. ಮೇಸ್ತ್ರಿ ಮಾತ್ರ ಒಂದು ದಿನ ಬಾಗಿಲಲ್ಲಿ ಬಂದು ನಿಂತ. ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲಮ್ಮ ಎಂದ. ಹೊಡೆದೆ ಮೇಸ್ತ್ರಿ, ಎಂದೆ. ಅವನು ಹೋದ.

ಆದರೆ ಪರೀಕ್ಷೆಯ ದಿನದ ಸಂಜೆಯನ್ನೇ ಹೇಳಿ ಮುಗಿಸುತ್ತೇನೆ. ಅತ್ತೆ ಕೆಲಸದಿಂದ ಬಂದರು. ಚೀಲ ಇಳಿಸಿ ಮೊದಲು ನನ್ನ ಹಿಂದೆ ಬಂದು ನಿಂತರು. ಕುಪ್ಪಸ ಸರಿಸಿ ಭುಜದ ಗುರುತು ನೋಡಿದರು. ಬೆನ್ನಿಗೆ ಕಿವಿ ಇಟ್ಟು ನನ್ನ ಉಸಿರು ಕೇಳಿಸಿಕೊಂಡರು, ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಎರಡೂ ಕಡೆ ಇದೆ ಎಂದು ಗಟ್ಟಿಯಾದ ಮೇಲೆ ನೆಲಕ್ಕೆ ಕೂತರು.

"ಎತ್ತಿದೆಯಾ?"

"ಇಲ್ಲ."

"ತಪ್ಪು ಚುಚ್ಚಿದನಾ?"

"ಇಲ್ಲ ಅತ್ತೆ. ಸರಿಯಾಗೇ ಚುಚ್ಚಿದ. ಎರಡು ಸಲವೂ."

ಅವರು ಯೋಚಿಸಿದರು. ಊದಿದ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡರು.

"ಒಳ್ಳೇದೇ ಆಯ್ತು," ಎಂದರು. "ತಪ್ಪಿ ಬಿದ್ದಿದ್ರೆ ಕೈ ಜಾರಿತು ಅಂತ ಮರೀತಿದ್ದ. ಸರಿ ಮಾಡಿ ಬಿದ್ದಿದ್ದಾನಲ್ಲ, ಇನ್ನು ಪ್ರತಿ ದಿನ ನೆನೆಸ್ಕೋತಾನೆ. ಮತ್ತೆ ಕೂರಬಹುದಾ ಅವನು?"

ಮುಂದಿನ ವರ್ಷ ಕೂರಬಹುದು, ನಮ್ಮ ಬೀದಿಯವರನ್ನು ಇನ್ನು ಕರೆಯಲಿಕ್ಕಿಲ್ಲ ಅಷ್ಟೆ, ಎಂದೆ.

ಅತ್ತೆ ಒಲೆ ಹಚ್ಚಿದರು. ನನ್ನ ಕಡೆ ತಿರುಗಲಿಲ್ಲ.

"ಲಾಂಡ್ರಿಗೆ ಬರೋರು ಎಲ್ಲಾ ಕೇರಿಯವರೂ ಇದ್ದಾರೆ," ಎಂದರು. "ಯಾವುದಾದ್ರೂ ಕೇರಿ ಹೇಳ್ಕೊಂಡು ಹೋದ್ರಾಯ್ತು. ಮುದುಕಿ ಮೈ, ಯಾರು ಏನು ಅಂತ ಯಾರು ಕೇಳ್ತಾರೆ? ಈ ವರ್ಷ ನೀನು ಸ್ವಲ್ಪ ಉಂಡು ದಪ್ಪ ಆಗು. ಮುಂದಿನ ಸಲ ನಾನು ಮಲಗ್ತೀನಿ."